ಹಳ್ಳಿಯ ಸಂಘಗಳು ಮತ್ತು ದತ್ತಿ ಸಂಸ್ಥೆಗಳ ಒಕ್ಕೂಟ: ಓದುಗರ ಪ್ರಶ್ನೆಗಳಿಗೆ ಉತ್ತರ

ಗ್ರಾಮೀಣ ಸಂಘಗಳಿಗೆ ಸ್ಥಳೀಯ ದತ್ತಿ ಸಂಸ್ಥೆಗಳು ಒಟ್ಟುಗೂಡಿ ನೆರವಾಗುವ ವ್ಯವಸ್ಥೆಯ ಕುರಿತು ಪ್ರಶ್ನೆಗಳನ್ನು ಕಳುಹಿಸುವಂತೆ ಓದುಗರನ್ನು ಕೋರಿದ್ದೆವು. ಸಂಘಗಳ ಪದಾಧಿಕಾರಿಗಳು, ದಾನಿಗಳು, ಒಕ್ಕೂಟಗಳಲ್ಲಿ ದುಡಿಯುವ ಕಾರ್ಯಕರ್ತರು ಹೀಗೆ ಮೂರೂ ಕಡೆಯವರು ಬರೆದಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟು ಸೇರಿಸಿ, ಬರೆದವರ ಹೆಸರು ಮತ್ತು ಊರುಗಳನ್ನು ಬಿಟ್ಟು ಇಲ್ಲಿ ಉತ್ತರಿಸಿದ್ದೇನೆ. ಕಾನೂನಿನ ವಿವರಗಳು ದೇಶದಿಂದ ದೇಶಕ್ಕೆ ಬೇರೆಯಾಗುವುದರಿಂದ, ಎಲ್ಲಿಯಾದರೂ ಅನ್ವಯವಾಗುವ ಸಂಗತಿಗಳಿಗೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ನಮ್ಮದು ಕೆಲವೇ ಮನೆಗಳವರು ಸೇರಿ ಕಟ್ಟಿಕೊಂಡ ಸಂಘ. ಒಂದು ವಾಚನಾಲಯವನ್ನೂ ಸಮುದಾಯ ಭವನವನ್ನೂ ಸ್ವಂತ ವಂತಿಗೆಯಿಂದ ನಡೆಸಿಕೊಂಡು ಬಂದಿದ್ದೇವೆ. ಸುತ್ತಲಿನ ದತ್ತಿ ಸಂಸ್ಥೆಗಳ ಒಕ್ಕೂಟವು ತನ್ನೊಂದಿಗೆ ಸೇರಿಕೊಳ್ಳುವಂತೆ ಕರೆದಿದೆ. ಸೇರಿದರೆ ಅನುಕೂಲವೇನು? ನಮ್ಮ ತೀರ್ಮಾನಗಳನ್ನು ನಾವೇ ಕೈಗೊಳ್ಳುವ ಹಕ್ಕು ಕೈತಪ್ಪಿ ಹೋಗುವುದಿಲ್ಲವೇ? (ಸಂಘವೊಂದರ ಕಾರ್ಯದರ್ಶಿ)

ಉತ್ತರ: ತನ್ನ ಊರಿಗೆ ಏನು ಬೇಕೆಂಬುದನ್ನು ಸಣ್ಣ ಸಂಘಕ್ಕೆ ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಅದಕ್ಕೆ ಭಾರವಾಗುವ ಕೆಲಸಗಳು ಬೇರೆ: ಬೈಲಾ ಬರೆಯುವುದು, ಲೆಕ್ಕಪರಿಶೋಧಕರು ಒಪ್ಪುವಂತೆ ಲೆಕ್ಕಪತ್ರ ಇಡುವುದು, ಕಟ್ಟಡಕ್ಕೆ ವಿಮೆ ಮಾಡಿಸುವುದು, ಜಾಗದ ದಾಖಲೆಗಳನ್ನು ಸರಿಪಡಿಸಿಕೊಳ್ಳುವುದು, ಅನುದಾನದ ಅರ್ಜಿಯನ್ನು ಕೇಳಿದ ನಮೂನೆಯಲ್ಲಿಯೇ ತುಂಬಿಕೊಡುವುದು. ಈ ಕೆಲಸಗಳಿಗಾಗಿ ಒಂದೊಂದು ಸಂಘವೂ ಒಬ್ಬೊಬ್ಬ ಲೆಕ್ಕಿಗರನ್ನೋ ವಕೀಲರನ್ನೋ ಇಟ್ಟುಕೊಳ್ಳಲು ಸಾಧ್ಯವಿಲ್ಲ. ಐವತ್ತು ಸಂಘಗಳು ಸೇರಿದರೆ ಸಾಧ್ಯವಿದೆ. ಒಕ್ಕೂಟದ ಮೊದಲ ಉಪಯೋಗ ಇದು, ಹಣದ ನೆರವು ಆಮೇಲಿನದು.

ಇಂಗ್ಲೆಂಡಿನಲ್ಲಿ ಈ ವ್ಯವಸ್ಥೆಗೆ ನೂರು ವರ್ಷ ಮೀರಿದ ಇತಿಹಾಸವಿದೆ. 1920ರಲ್ಲಿ ಆಕ್ಸ್‌ಫರ್ಡ್‌ಶೈರ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂತಹ ಪ್ರದೇಶ) ಗ್ರಾಮೀಣ ಸಮುದಾಯ ಮಂಡಳಿಯೊಂದು ಆರಂಭವಾಯಿತು. ಉಳಿದ ಕೌಂಟಿಗಳೂ ಅದೇ ದಾರಿ ಹಿಡಿದವು. ಈಗ ಇಂತಹ 38 ಸ್ಥಳೀಯ ದತ್ತಿ ಸಂಸ್ಥೆಗಳು, 1987ರಲ್ಲಿ ಸ್ಥಾಪನೆಯಾದ ಒಂದು ರಾಷ್ಟ್ರೀಯ ಸಂಸ್ಥೆಯ ಅಡಿಯಲ್ಲಿ ಜೊತೆಗೂಡಿವೆ. ಅಲ್ಲಿನ ಹಳ್ಳಿಗಳ ಸಮುದಾಯ ಭವನಗಳನ್ನು ಸಂಬಳವಿಲ್ಲದ ಸ್ಥಳೀಯ ಸ್ವಯಂಸೇವಕರೇ ನಡೆಸುತ್ತಾರೆ. ಕೌಂಟಿಯ ಸಂಸ್ಥೆಯು ಅವರಿಗೆ ಕಾನೂನು, ಲೆಕ್ಕಪತ್ರ ಹಾಗೂ ದುರಸ್ತಿಯ ವಿಷಯದಲ್ಲಿ ಸಲಹೆ ನೀಡುತ್ತದೆಯೇ ಹೊರತು ಭವನದ ಬೀಗದ ಕೈಯನ್ನು ತಾನು ಇಟ್ಟುಕೊಳ್ಳುವುದಿಲ್ಲ.

ನಿಮ್ಮ ಎರಡನೆಯ ಪ್ರಶ್ನೆಗೆ ಜರ್ಮನಿಯ ಫ್ರೀಡ್ರಿಕ್ ವಿಲ್‌ಹೆಲ್ಮ್ ರೈಫೈಸನ್ ಅವರ ಅನುಭವವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. 1846-47ರ ಬರಗಾಲದ ಚಳಿಗಾಲದಲ್ಲಿ ವೈಯರ್‌ಬುಶ್ ಎಂಬ ಹಳ್ಳಿಗಾಡಿನ ಆಡಳಿತಾಧಿಕಾರಿಯಾಗಿದ್ದ ಅವರು ಸ್ಥಿತಿವಂತರಿಂದ ಹಣ ಕೂಡಿಸಿ, ಬಡವರಿಗೆ ಧಾನ್ಯ ಮತ್ತು ರೊಟ್ಟಿ ಸಾಲವಾಗಿ ಸಿಗುವಂತೆ ಮಾಡಿದರು. ಮುಂದೆ 1849ರಲ್ಲಿ ಫ್ಲಾಮರ್ಸ್‌ಫೆಲ್ಡ್‌ನಲ್ಲಿಯೂ 1854ರಲ್ಲಿ ಹೆಡ್ಡೆಸ್‌ಡಾರ್ಫ್‌ನಲ್ಲಿಯೂ ನೆರವಿನ ಸಂಘಗಳನ್ನು ಕಟ್ಟಿದರು. ಈ ಸಂಘಗಳೆಲ್ಲ ಉಳ್ಳವರ ಔದಾರ್ಯದ ಮೇಲೆ ನಿಂತಿದ್ದವು. ಉತ್ಸಾಹ ಇಳಿದಂತೆ ಉಳ್ಳವರು ಒಬ್ಬೊಬ್ಬರಾಗಿ ಹಿಂದೆ ಸರಿದರು. ನೆರವು ಪಡೆಯುವವರೇ ಸದಸ್ಯರಾಗಿ, ಹೊಣೆಗಾರರೂ ಆಗದೆ ಇಂತಹ ಸಂಘ ಬಾಳದೆಂಬುದು ರೈಫೈಸನ್ ಅವರಿಗೆ ಹದಿನೈದು ವರ್ಷಗಳಿಗೂ ಹೆಚ್ಚಿನ ಪ್ರಯತ್ನದಿಂದ ಮನವರಿಕೆಯಾಯಿತು. 1864ರಲ್ಲಿ ಹೆಡ್ಡೆಸ್‌ಡಾರ್ಫ್‌ನಲ್ಲಿ ಆರಂಭವಾದ ಸಾಲ ಸಂಘವು ಈ ಹೊಸ ತತ್ವದ ಮೇಲೆ ನಿಂತಿತು. ಸದಸ್ಯರು ಒಬ್ಬರನ್ನೊಬ್ಬರು ಬಲ್ಲಷ್ಟು ಸಣ್ಣ ಪ್ರದೇಶ, ಎಲ್ಲರ ಜಂಟಿ ಹೊಣೆ, ಸಂಬಳವಿಲ್ಲದ ಆಡಳಿತ ಮಂಡಳಿ, ಹಂಚಿಕೊಳ್ಳಲಾಗದ ಮೀಸಲು ನಿಧಿ ಇವು ಆ ಮಾದರಿಯ ಲಕ್ಷಣಗಳಾದವು.

ಒಕ್ಕೂಟ ಹುಟ್ಟಿದ್ದು ಅದಾದ ಮೇಲೆ. ಒಂದು ಹಳ್ಳಿಯ ಸಂಘದಲ್ಲಿ ಉಳಿತಾಯ ಹೆಚ್ಚಿ ಸಾಲ ಕೇಳುವವರಿಲ್ಲದಿರುವಾಗ ಇನ್ನೊಂದು ಹಳ್ಳಿಯಲ್ಲಿ ಹಣದ ಕೊರತೆ ಇರುತ್ತಿತ್ತು. ಈ ಏರುಪೇರನ್ನು ಸರಿದೂಗಿಸಲು 1872ರಲ್ಲಿ ನಾಯ್‌ವೀಡ್ ಪಟ್ಟಣದಲ್ಲಿ ಕೇಂದ್ರ ಬ್ಯಾಂಕೊಂದನ್ನೂ, ಸಲಹೆ ಮತ್ತು ತಪಾಸಣೆಗಾಗಿ 1877ರಲ್ಲಿ ಒಕ್ಕೂಟವೊಂದನ್ನೂ ಸ್ಥಾಪಿಸಲಾಯಿತು. ಯಾರಿಗೆ ಸಾಲ ಕೊಡಬೇಕೆಂಬ ತೀರ್ಮಾನ ಮಾತ್ರ ಹಳ್ಳಿಯಲ್ಲಿಯೇ ಉಳಿಯಿತು. ಹಳ್ಳಿ ಒಂಟಿಯಾಗಿ ಮಾಡಲಾಗದ ಕೆಲಸವಷ್ಟೇ ಮೇಲಿನ ಹಂತಕ್ಕೆ ಹೋಗಬೇಕು, ಉಳಿದದ್ದು ಕೆಳಗೇ ಇರಬೇಕು ಎಂಬ ಈ ಹಂಚಿಕೆ ನಿಮಗೆ ಬಂದಿರುವ ಆಹ್ವಾನವನ್ನು ಅಳೆಯಲು ಸಾಕು.

ಆದುದರಿಂದ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಅದನ್ನು ಸರ್ವ ಸದಸ್ಯರ ಸಭೆಯಲ್ಲಿ ಗಟ್ಟಿಯಾಗಿ ಓದಿಸಿರಿ. ವಾಚನಾಲಯ ಮತ್ತು ಭವನದ ಒಡೆತನ ಸಂಘದ ಹೆಸರಿನಲ್ಲಿಯೇ ಉಳಿಯುತ್ತದೆಯೇ, ಸಂಘವು ಒಕ್ಕೂಟವನ್ನು ಬಿಡಲು ಬಯಸಿದರೆ ಎಷ್ಟು ಕಾಲದ ಸೂಚನೆ ಕೊಡಬೇಕು, ಬಿಡುವಾಗ ಸಂಘದ ಹಣ ಮತ್ತು ದಾಖಲೆಗಳು ಹಿಂದಿರುಗುತ್ತವೆಯೇ, ಒಕ್ಕೂಟದ ಆಡಳಿತ ಮಂಡಳಿಯಲ್ಲಿ ನಿಮ್ಮಂತಹ ಸಣ್ಣ ಸಂಘಗಳಿಗೆ ಮತದ ಹಕ್ಕಿದೆಯೇ ಎಂಬುದನ್ನು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಬಿಟ್ಟುಹೋಗುವ ದಾರಿಯನ್ನು ಸ್ಪಷ್ಟವಾಗಿ ಬರೆದುಕೊಡಲು ಹಿಂಜರಿಯುವ ಒಕ್ಕೂಟವನ್ನು ಸೇರದಿರುವುದೇ ಲೇಸು.

ಪ್ರಶ್ನೆ: ನಮ್ಮ ಸಂಘ ನೋಂದಣಿಯಾಗಿಲ್ಲ. ನೋಂದಣಿ ಇಲ್ಲದವರಿಗೆ ನೆರವು ಕೊಡಲಾಗದೆಂದು ಒಬ್ಬರು, ನೋಂದಾಯಿಸಿಕೊಂಡರೆ ಕಾಗದಪತ್ರದ ಕಾಟವೇ ಹೆಚ್ಚೆಂದು ಇನ್ನೊಬ್ಬರು ಹೇಳುತ್ತಾರೆ. ಏನು ಮಾಡಬೇಕು? (ಯುವಕ ಸಂಘದ ಸದಸ್ಯರು)

ಉತ್ತರ: ಇಬ್ಬರ ಮಾತಿನಲ್ಲಿಯೂ ಸತ್ಯವಿದೆ. ನಿಮ್ಮ ಕೆಲಸದ ಗಾತ್ರವನ್ನು ನೋಡಿ ತೀರ್ಮಾನಿಸಬೇಕು. ಅನೇಕ ದೇಶಗಳ ಕಾನೂನುಗಳೇ ಸಣ್ಣ ಗುಂಪುಗಳಿಗೆ ವಿನಾಯಿತಿ ಕೊಟ್ಟಿವೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ದತ್ತಿ ಸಂಸ್ಥೆಯ ವಾರ್ಷಿಕ ಆದಾಯ 5,000 ಪೌಂಡುಗಳನ್ನು ಮೀರಿದಾಗ ಮಾತ್ರ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಾಗುತ್ತದೆ. ಭಾರತದಲ್ಲಿ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ 1992ರಲ್ಲಿ 500 ಸ್ವಸಹಾಯ ಗುಂಪುಗಳನ್ನು ಬ್ಯಾಂಕುಗಳೊಂದಿಗೆ ಜೋಡಿಸುವ ಪ್ರಾಯೋಗಿಕ ಯೋಜನೆಯನ್ನು ಆರಂಭಿಸಿದಾಗ ನೋಂದಣಿಯಿಲ್ಲದ ಗುಂಪುಗಳಿಗೂ ಉಳಿತಾಯ ಖಾತೆ ಮತ್ತು ಸಾಲದ ಬಾಗಿಲು ತೆರೆಯಿತು. ಗುಂಪಿನಲ್ಲಿ 20ಕ್ಕಿಂತ ಹೆಚ್ಚು ಸದಸ್ಯರಿರಬಾರದೆಂಬ ರೂಢಿಯೂ ಕಾನೂನಿನಿಂದಲೇ ಬಂದದ್ದು: ಅದಕ್ಕಿಂತ ದೊಡ್ಡ ಗುಂಪು ಲಾಭದ ವ್ಯವಹಾರ ನಡೆಸಬೇಕಾದರೆ ಕಂಪನಿ ಕಾನೂನಿನ ಪ್ರಕಾರ ನೋಂದಣಿ ಮಾಡಿಸಬೇಕಾಗಿತ್ತು.

ಸಂಘವು ಜಾಗ ಕೊಳ್ಳಬೇಕು, ಯಾರನ್ನಾದರೂ ಸಂಬಳಕ್ಕೆ ಇಟ್ಟುಕೊಳ್ಳಬೇಕು ಅಥವಾ ದೊಡ್ಡ ಮೊತ್ತದ ಗುತ್ತಿಗೆಗೆ ಸಹಿ ಹಾಕಬೇಕು ಎಂದಾದರೆ ನೋಂದಣಿ ಮಾಡಿಸುವುದೇ ಸರಿ. ಇಲ್ಲದಿದ್ದರೆ ನಷ್ಟದ ಹೊಣೆ ಸಹಿ ಹಾಕಿದವರ ಮೇಲೆ ವೈಯಕ್ತಿಕವಾಗಿ ಬೀಳಬಹುದು. ಅಲ್ಲಿಯವರೆಗೆ ಒಕ್ಕೂಟದಲ್ಲಿರುವ ನೋಂದಾಯಿತ ಸಂಸ್ಥೆಯೊಂದು ನಿಮ್ಮ ಪರವಾಗಿ ಹಣ ಪಡೆದು, ಅದಕ್ಕೆ ಪ್ರತ್ಯೇಕ ಲೆಕ್ಕ ಇಟ್ಟು, ನಿಮ್ಮ ಠರಾವಿನಂತೆ ಖರ್ಚು ಮಾಡುವ ವ್ಯವಸ್ಥೆ ಸಾಧ್ಯ. ಇದಕ್ಕಾಗಿ ಆ ಸಂಸ್ಥೆ ಮೊತ್ತದ ಒಂದು ಸಣ್ಣ ಪಾಲನ್ನು ಆಡಳಿತ ವೆಚ್ಚವೆಂದು ಹಿಡಿದುಕೊಳ್ಳುವುದು ನ್ಯಾಯವೇ, ಆದರೆ ಪಾಲು ಎಷ್ಟೆಂಬುದು ಮೊದಲೇ ಗೊತ್ತಿರಬೇಕು. ನೋಂದಣಿ ಇರಲಿ ಇಲ್ಲದಿರಲಿ, ನಡಾವಳಿ ಪುಸ್ತಕ, ಸದಸ್ಯರ ಪಟ್ಟಿ, ರಸೀದಿ ಪುಸ್ತಕ ಮತ್ತು ಜಂಟಿ ಸಹಿಯ ಬ್ಯಾಂಕ್ ಖಾತೆ ಈ ನಾಲ್ಕನ್ನು ಇಂದೇ ಆರಂಭಿಸಿರಿ. ಪ್ರಮಾಣಪತ್ರವಿದ್ದೂ ನಡಾವಳಿ ಬರೆಯದ ಸಂಘಕ್ಕಿಂತ, ಪ್ರಮಾಣಪತ್ರವಿಲ್ಲದೆಯೂ ಪ್ರತಿ ಸಭೆಯ ನಡಾವಳಿ ಬರೆದಿಟ್ಟ ಸಂಘವನ್ನು ಅನುಭವಸ್ಥ ಒಕ್ಕೂಟಗಳು ಹೆಚ್ಚು ನಂಬುತ್ತವೆ.

ಪ್ರಶ್ನೆ: ನಾನು ಹಳ್ಳಿಯೊಂದಕ್ಕೆ ನನ್ನ ತಂದೆತಾಯಿಯ ನೆನಪಿನಲ್ಲಿ ಏನಾದರೂ ಶಾಶ್ವತವಾದದ್ದನ್ನು ಮಾಡಿಕೊಡಬೇಕೆಂದಿದ್ದೇನೆ. ಹಣವನ್ನು ನೇರವಾಗಿ ಅಲ್ಲಿನ ಸಂಘಕ್ಕೆ ಕೊಡಬೇಕೇ, ಒಕ್ಕೂಟದ ಮೂಲಕ ಕೊಡಬೇಕೇ? ಹಣ ಇಂತಹದ್ದಕ್ಕೇ ಬಳಕೆಯಾಗಬೇಕೆಂದು ಷರತ್ತು ಹಾಕಬಹುದೇ? (ದಾನಿಯೊಬ್ಬರು)

ಉತ್ತರ: ನಿಮ್ಮ ಅಪೇಕ್ಷೆ ಗೌರವಕ್ಕೆ ಯೋಗ್ಯವಾದದ್ದು. ನೀವು ಸಂಘದವರನ್ನು ಹತ್ತಿರದಿಂದ ಬಲ್ಲವರಾಗಿದ್ದು, ಮೊತ್ತವೂ ಅವರು ನಿಭಾಯಿಸಬಲ್ಲಷ್ಟೇ ಆಗಿದ್ದರೆ ನೇರವಾಗಿ ಕೊಡುವುದರಲ್ಲಿ ತಪ್ಪಿಲ್ಲ. ಮೊತ್ತವು ಸಂಘದ ವರ್ಷದ ವಹಿವಾಟಿಗಿಂತ ಹಲವು ಪಟ್ಟು ದೊಡ್ಡದಾಗಿದ್ದರೆ ಮಾತ್ರ ಒಕ್ಕೂಟದ ಮೂಲಕ, ಕಂತುಗಳಲ್ಲಿ ಕೊಡಿರಿ. ಕೈಗೆ ಮೀರಿದ ಹಣ ಒಮ್ಮೆಗೇ ಬಂದಾಗ, ಅದುವರೆಗೆ ಸಾಮರಸ್ಯದಿಂದ ಇದ್ದ ಸಂಘದಲ್ಲಿಯೂ ಗುಂಪುಗಾರಿಕೆ ತಲೆಯೆತ್ತುವುದುಂಟು. ದಾನಿಗೆ ಅದು ಗೊತ್ತೂ ಆಗುವುದಿಲ್ಲ.

ಷರತ್ತಿನ ವಿಷಯದಲ್ಲಿ ಅಮೆರಿಕದ ಕ್ಲೀವ್‌ಲೆಂಡ್ ನಗರದ ಬ್ಯಾಂಕರ್ ಫ್ರೆಡರಿಕ್ ಗಾಫ್ ಅವರನ್ನು ನೆನೆಯಬೇಕು. ಕಾಲಕಾಲಕ್ಕೆ ಸತ್ತ ದಾನಿಗಳು ಬರೆದಿಟ್ಟ ಷರತ್ತುಗಳಲ್ಲಿ ಎಷ್ಟೋ ಅರ್ಥ ಕಳೆದುಕೊಂಡು, ಹಣ ಯಾರಿಗೂ ಉಪಯೋಗವಿಲ್ಲದೆ ಕಟ್ಟಿಹಾಕಿದಂತೆ ಬಿದ್ದಿರುವುದನ್ನು ಅವರು ತಮ್ಮ ವೃತ್ತಿಯಲ್ಲಿ ಕಂಡಿದ್ದರು. 1914ರಲ್ಲಿ ಅವರು ಸ್ಥಾಪಿಸಿದ ಕ್ಲೀವ್‌ಲೆಂಡ್ ಪ್ರತಿಷ್ಠಾನ ಜಗತ್ತಿನ ಮೊದಲ ಸಮುದಾಯ ಪ್ರತಿಷ್ಠಾನವೆಂದು ಹೆಸರಾಗಿದೆ. ಅನೇಕ ದಾನಿಗಳ ನಿಧಿಗಳು ಒಂದೆಡೆ ಸೇರುತ್ತವೆ, ಅವುಗಳ ಆದಾಯವನ್ನು ಆಯಾ ಕಾಲದ ಅಗತ್ಯ ನೋಡಿ ಸ್ಥಳೀಯ ನಾಗರಿಕರ ಸಮಿತಿಯೊಂದು ಹಂಚುತ್ತದೆ, ಹಳೆಯ ಉದ್ದೇಶ ಅಪ್ರಸ್ತುತವಾದರೆ ಅದನ್ನು ಬದಲಿಸುವ ಅಧಿಕಾರವೂ ಇರುತ್ತದೆ ಎಂಬುದು ಆ ವ್ಯವಸ್ಥೆಯ ತಿರುಳು. ನೀವೂ ಹಾಗೆಯೇ ಮಾಡಬಹುದು. ಉದ್ದೇಶವನ್ನು 'ಈ ಊರಿನ ಮಕ್ಕಳ ಓದಿಗೆ' ಅಥವಾ 'ಈ ಊರಿನ ಕುಡಿಯುವ ನೀರಿಗೆ' ಎಂಬಷ್ಟು ವಿಶಾಲವಾಗಿ ಬರೆಯಿರಿ. ಏನು ಕಟ್ಟಬೇಕು, ಯಾವ ಅಳತೆಯಲ್ಲಿ ಎಂಬುದನ್ನು ಊರಿನವರಿಗೆ ಬಿಡಿರಿ. ಹೆಸರಿನ ಫಲಕ ಹಾಕಿಸಲು ಯಾರ ಆಕ್ಷೇಪವೂ ಇರಲಾರದು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ದಾನಿಗಳೆಲ್ಲ ಕಟ್ಟುವುದಕ್ಕೆ ಕೊಡುತ್ತಾರೆ, ಕಾಪಾಡುವುದಕ್ಕೆ ಕೊಡುವವರು ವಿರಳ. ಈ ಶತಮಾನದ ಮೊದಲ ದಶಕದಲ್ಲಿ ಸಹಾರಾದ ದಕ್ಷಿಣಕ್ಕಿರುವ ಆಫ್ರಿಕಾದ ದೇಶಗಳ ಕೈಪಂಪುಗಳ ಬಗ್ಗೆ ಮಾಹಿತಿ ಸಂಗ್ರಹಿಸಿದಾಗ, ಸುಮಾರು ಮೂರನೇ ಒಂದು ಭಾಗದಷ್ಟು ಪಂಪುಗಳು ಕೆಟ್ಟು ನಿಂತಿರುವುದು ಬೆಳಕಿಗೆ ಬಂತು. ಕೊಳವೆಬಾವಿ ಕೊರೆದವರಿಗೂ ಪಂಪು ಕೂರಿಸಿದವರಿಗೂ ಹಣವಿತ್ತು. ಸವೆದ ಬಿಡಿಭಾಗವನ್ನು ಬದಲಿಸುವವರು ಯಾರು, ಅದರ ಖರ್ಚು ಎಲ್ಲಿಂದ ಎಂಬ ಪ್ರಶ್ನೆಯನ್ನು ಮಾತ್ರ ಬಹಳಷ್ಟು ಕಡೆ ಯಾರೂ ಮೊದಲೇ ಎತ್ತಿರಲಿಲ್ಲ. ನೀವು ಕೊಡುವ ಮೊತ್ತದಲ್ಲಿ ಒಂದು ಭಾಗವನ್ನು ದುರಸ್ತಿಯ ನಿಧಿಯಾಗಿ ತೆಗೆದಿರಿಸಿ, ಅದರ ಬಡ್ಡಿಯಷ್ಟನ್ನೇ ಬಳಸುವಂತೆ ಏರ್ಪಾಡು ಮಾಡಿದರೆ, ಅದು ನಿಮ್ಮ ತಂದೆತಾಯಿಯ ಹೆಸರನ್ನು ಕಟ್ಟಡಕ್ಕಿಂತ ಹೆಚ್ಚು ಕಾಲ ಉಳಿಸೀತು.

ಪ್ರಶ್ನೆ: ನಾನು ಒಕ್ಕೂಟವೊಂದರ ಕ್ಷೇತ್ರ ಕಾರ್ಯಕರ್ತೆ. ನಮಗೆ ನಾಲ್ಕಾರು ಕಡೆಯಿಂದ ಹಣ ಬರುತ್ತದೆ, ಒಬ್ಬೊಬ್ಬ ದಾನಿಗೂ ಒಂದೊಂದು ನಮೂನೆಯ ವರದಿ ಬೇಕು. ಸಂಘದ ಮಹಿಳೆಯರು ಹಗಲೆಲ್ಲ ದುಡಿದು ಬಂದು ರಾತ್ರಿ ಫಾರಂ ತುಂಬುತ್ತಾರೆ. ಇದನ್ನು ಕಡಿಮೆ ಮಾಡುವುದು ಹೇಗೆ?

ಉತ್ತರ: ಈ ಭಾರವನ್ನು ಹೊರಬೇಕಾದದ್ದು ಒಕ್ಕೂಟ. ದಾನಿಗಳ ನಮೂನೆಗಳನ್ನು ಹಾಗೆಯೇ ಕೆಳಗೆ ದಾಟಿಸುವುದಾದರೆ ಒಕ್ಕೂಟ ಇದ್ದೂ ಪ್ರಯೋಜನವಿಲ್ಲ. ಸಂಘಗಳಿಂದ ಒಂದೇ ಬಗೆಯ, ಒಂದೇ ಪುಟದ ಮಾಹಿತಿ ಪಡೆದು, ಯಾವ ದಾನಿಗೆ ಯಾವ ರೂಪದಲ್ಲಿ ಬೇಕೋ ಆ ರೂಪಕ್ಕೆ ಅದನ್ನು ಇಳಿಸುವ ಕೆಲಸವನ್ನು ನಿಮ್ಮ ಕಚೇರಿಯೇ ಮಾಡಬೇಕು. ಬಂದ ಹಣ, ಖರ್ಚಾದ ಹಣ, ಉಳಿದ ಹಣ, ಮಾಡಿದ ಕೆಲಸ, ಎದುರಾದ ತೊಂದರೆ ಇಷ್ಟಕ್ಕಿಂತ ಹೆಚ್ಚಿನದ್ದನ್ನು ಸಣ್ಣ ಮೊತ್ತದ ಅನುದಾನಕ್ಕೆ ಕೇಳುವುದು ಅನ್ಯಾಯ. ಅನುದಾನದ ಮೊತ್ತಕ್ಕೆ ತಕ್ಕಷ್ಟೇ ವರದಿ ಎಂಬ ಮಾತನ್ನು ದಾನಿಗಳೊಂದಿಗಿನ ಒಪ್ಪಂದದಲ್ಲಿಯೇ ಸೇರಿಸಿರಿ. ಕೇಳಿದರೆ ಒಪ್ಪುವ ದಾನಿಗಳು ನಾವು ಅಂದುಕೊಳ್ಳುವುದಕ್ಕಿಂತ ಹೆಚ್ಚಿದ್ದಾರೆ. ಅಕ್ಷರ ಬಲ್ಲವರು ಕಡಿಮೆ ಇರುವ ಕಡೆ ಬಾಯಿಮಾತಿನ ವರದಿಯನ್ನು ನೀವೇ ಬರೆದುಕೊಂಡು, ಓದಿ ಹೇಳಿ, ಒಪ್ಪಿಗೆ ಪಡೆಯಬಹುದು.

ಇದರ ಜೊತೆಗೆ ಲೆಕ್ಕವು ಮೇಲಕ್ಕೆ ಹೋಗುವ ಮೊದಲು ಊರಿನವರ ಮುಂದೆ ಹೋಗಬೇಕೆಂಬ ಕ್ರಮವನ್ನು ತನ್ನಿರಿ. ದೂರದ ದಾನಿ ಹಿಡಿಯಲಾಗದ ತಪ್ಪನ್ನು, ಸಿಮೆಂಟು ಎಷ್ಟು ಚೀಲ ಬಂದಿತ್ತೆಂದು ಕಣ್ಣಾರೆ ಕಂಡ ಸದಸ್ಯರು ಸಭೆಯಲ್ಲಿ ಕೂಡಲೇ ಹಿಡಿಯುತ್ತಾರೆ.

ಪ್ರಶ್ನೆ: ನಾನು ಸಂಘದ ಖಜಾಂಚಿ, ಆದರೆ ಹೆಸರಿಗೆ ಮಾತ್ರ. ಪಾಸ್‌ಬುಕ್, ಚೆಕ್ಕು, ರಸೀದಿ ಎಲ್ಲವೂ ಅಧ್ಯಕ್ಷರ ಮನೆಯಲ್ಲಿವೆ. ಹಣ ದುರುಪಯೋಗವಾಗಿದೆಯೆಂದು ನಾನು ಹೇಳುತ್ತಿಲ್ಲ, ಆದರೆ ಜನರು ಅನುಮಾನದಿಂದ ಮಾತಾಡತೊಡಗಿದ್ದಾರೆ. ಒಕ್ಕೂಟಕ್ಕೆ ದೂರು ಕೊಡಲೇ?

ಉತ್ತರ: ದೂರು ಕೊಡುವುದು ಕೊನೆಯ ಹೆಜ್ಜೆಯಾಗಿರಲಿ. ಯಾರ ಮೇಲೂ ಆರೋಪ ಹೊರಿಸದೆ ಕ್ರಮವನ್ನು ಬದಲಿಸಲು ಅವಕಾಶವಿರುವಾಗ ಅದನ್ನೇ ಮೊದಲು ಮಾಡಬೇಕು. 1991ರಲ್ಲಿ ಕೇರ್ ಎಂಬ ಅಂತರರಾಷ್ಟ್ರೀಯ ನೆರವಿನ ಸಂಸ್ಥೆಯು ಆಫ್ರಿಕಾದ ನೈಜರ್ ದೇಶದ ಹಳ್ಳಿಗಳಲ್ಲಿ ಆರಂಭಿಸಿದ ಉಳಿತಾಯ ಗುಂಪುಗಳಿಂದ ಬೆಳೆದು ಬಂದು, ಈಗ ಹಲವು ದೇಶಗಳಲ್ಲಿ ಹರಡಿರುವ ಪದ್ಧತಿಯೊಂದಿದೆ. ಗುಂಪಿನ ಹಣ ಮೂರು ಬೀಗಗಳಿರುವ ಪೆಟ್ಟಿಗೆಯಲ್ಲಿರುತ್ತದೆ. ಮೂರು ಬೀಗದ ಕೈಗಳು ಮೂವರು ಸದಸ್ಯರ ಬಳಿ, ಪೆಟ್ಟಿಗೆ ನಾಲ್ಕನೆಯವರ ಬಳಿ. ಎಲ್ಲರೂ ಸೇರಿದ ಸಭೆಯಲ್ಲಲ್ಲದೆ ಪೆಟ್ಟಿಗೆ ತೆರೆಯುವುದಿಲ್ಲ, ಹಣವನ್ನು ಎಲ್ಲರ ಕಣ್ಣೆದುರೇ ಎಣಿಸಲಾಗುತ್ತದೆ, ಸುಮಾರು ಒಂದು ವರ್ಷದ ಕೊನೆಗೆ ಉಳಿತಾಯ ಮತ್ತು ಬಡ್ಡಿಯನ್ನು ಸದಸ್ಯರು ಹಂಚಿಕೊಂಡು ಲೆಕ್ಕವನ್ನು ಹೊಸದಾಗಿ ತೆರೆಯುತ್ತಾರೆ. ಓದುಬರಹ ಬಾರದವರೂ ಇಲ್ಲಿ ಲೆಕ್ಕದ ಕಾವಲುಗಾರರಾಗುತ್ತಾರೆ. ಪ್ರಾಮಾಣಿಕರಾದ ಪದಾಧಿಕಾರಿಗಳಿಗೂ ಇದರಿಂದ ರಕ್ಷಣೆಯಿದೆ, ಏಕೆಂದರೆ ಅನುಮಾನಕ್ಕೆ ಎಡೆಯೇ ಉಳಿಯುವುದಿಲ್ಲ.

ಮುಂದಿನ ಸಭೆಯಲ್ಲಿ ನೀವು ಮೂರು ಠರಾವುಗಳನ್ನು ಮಂಡಿಸಬಹುದು: ಪ್ರತಿ ಪಾವತಿಗೂ ಇಬ್ಬರ ಸಹಿ, ದಾಖಲೆಗಳು ಖಜಾಂಚಿಯ ಸುಪರ್ದಿಗೆ, ಪ್ರತಿ ಸಭೆಯ ಆರಂಭದಲ್ಲಿ ಬ್ಯಾಂಕ್ ಶಿಲ್ಕಿನ ಓದು. ಇವು ಇಂದಿನ ಅಧ್ಯಕ್ಷರಿಗೆ ಮಾತ್ರವಲ್ಲ, ಮುಂದೆ ಬರುವ ಎಲ್ಲರಿಗೂ ಅನ್ವಯವಾಗುವ ನಿಯಮಗಳೆಂದು ಸ್ಪಷ್ಟಪಡಿಸಿದರೆ ಅಧ್ಯಕ್ಷರಿಗೂ ಒಪ್ಪಲು ಸುಲಭವಾಗುತ್ತದೆ.

ಸಾಮೂಹಿಕ ಸಂಪನ್ಮೂಲಗಳನ್ನು ಜನರೇ ಹೇಗೆ ಕಾಪಾಡಿಕೊಂಡು ಬಂದಿದ್ದಾರೆಂದು ಅಧ್ಯಯನ ಮಾಡಿ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಪಡೆದ, ಆ ವಿಭಾಗದ ಮೊದಲ ಮಹಿಳೆ ಎಲಿನಾರ್ ಆಸ್ಟ್ರಮ್, ದೀರ್ಘಕಾಲ ಬಾಳಿದ ವ್ಯವಸ್ಥೆಗಳಲ್ಲಿ ಎಂಟು ಲಕ್ಷಣಗಳನ್ನು ಗುರುತಿಸಿದ್ದರು. ನಿಯಮ ಪಾಲಿಸುವವರೇ ನಿಯಮ ರೂಪಿಸುವುದರಲ್ಲಿಯೂ ಭಾಗಿಗಳಾಗಿರುವುದು, ಮೊದಲ ತಪ್ಪಿಗೆ ಸಣ್ಣ ದಂಡ, ಮತ್ತೆ ತಪ್ಪಿದರೆ ಹೆಚ್ಚಿನದು ಎಂಬ ಏರುಕ್ರಮ, ಜಗಳವನ್ನು ಊರಿನಲ್ಲಿಯೇ ಬೇಗ ಹಾಗೂ ಖರ್ಚಿಲ್ಲದೆ ತೀರಿಸುವ ಏರ್ಪಾಡು ಅವುಗಳಲ್ಲಿ ಸೇರಿವೆ. ಅವರು ಉದಾಹರಿಸಿದ ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಎಂಬ ಹಳ್ಳಿಯಲ್ಲಿ 1517ರಲ್ಲಿ ಬರೆದ ನಿಯಮವೊಂದಿದೆ: ಚಳಿಗಾಲದಲ್ಲಿ ತಾನು ಮೇವು ಹಾಕಿ ಸಾಕಬಲ್ಲಷ್ಟು ಹಸುಗಳನ್ನು ಮಾತ್ರ ಯಾರೇ ಆದರೂ ಬೇಸಿಗೆಯಲ್ಲಿ ಊರಿನ ಹುಲ್ಲುಗಾವಲಿಗೆ ಬಿಡಬೇಕು. ಮಿತಿ ಮೀರಿದವರಿಗೆ ದಂಡ ಹಾಕಲು ಊರಿನದೇ ಒಬ್ಬ ಅಧಿಕಾರಿಯಿದ್ದರೂ, ಯಾರ ಕೊಟ್ಟಿಗೆಯಲ್ಲಿ ಎಷ್ಟು ಹಸುಗಳಿವೆಯೆಂಬುದು ಊರಿಗೆಲ್ಲ ಗೊತ್ತಿರುವುದರಿಂದ ಆ ನಿಯಮದ ಪಾಲನೆಯನ್ನು ನೋಡುವುದು ಸುಲಭವಾಗಿತ್ತು. ನಿಮ್ಮ ಸಂಘದ ನಿಯಮಗಳೂ ಹೀಗೆ ಯಾರು ಬೇಕಾದರೂ ಪರೀಕ್ಷಿಸಬಹುದಾದಷ್ಟು ಸರಳವಾಗಿರಲಿ. ಠರಾವುಗಳು ಬಿದ್ದುಹೋದರೆ ಅಥವಾ ಅಂಗೀಕಾರವಾಗಿಯೂ ಜಾರಿಯಾಗದಿದ್ದರೆ, ಆಗ ನಡಾವಳಿಯ ಪ್ರತಿಯೊಂದಿಗೆ ಒಕ್ಕೂಟಕ್ಕೆ ಬರೆಯಿರಿ.

ಪ್ರಶ್ನೆ: ನಮ್ಮ ಸಂಘ ಊರಿನ ಹೆಸರಿನಲ್ಲಿ ನೆರವು ಪಡೆಯುತ್ತದೆ. ಆದರೆ ಸಭೆಗೆ ಬರುವವರು ಜಮೀನು ಇರುವ ಮನೆಗಳ ಗಂಡಸರು ಮಾತ್ರ. ಕೂಲಿ ಮಾಡುವವರನ್ನೂ ಹೆಂಗಸರನ್ನೂ ಕರೆದರೂ ಬರುವುದಿಲ್ಲವೆಂದು ಪದಾಧಿಕಾರಿಗಳು ಹೇಳುತ್ತಾರೆ. ಇದಕ್ಕೆ ಪರಿಹಾರವಿದೆಯೇ? (ಶಾಲಾ ಶಿಕ್ಷಕಿ)

ಉತ್ತರ: ಬರುವುದಿಲ್ಲವೆಂದು ಹೇಳುವ ಮೊದಲು ಅವರು ಯಾಕೆ ಬರುತ್ತಿಲ್ಲವೆಂದು ಕೇಳಿ ನೋಡಬೇಕು. ಕೂಲಿಯ ಹೊತ್ತಿನಲ್ಲಿ ಅಥವಾ ಅಡುಗೆಯ ಹೊತ್ತಿನಲ್ಲಿ ಸಭೆ ಇಟ್ಟರೆ, ಹೋಗಲು ಮುಜುಗರವಾಗುವ ಮನೆಯ ಜಗಲಿಯಲ್ಲಿ ಇಟ್ಟರೆ, ಹಿಂದಿನ ಸಭೆಯಲ್ಲಿ ಆಡಿದ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳದಿದ್ದರೆ ಯಾರಾದರೂ ಏಕೆ ಬಂದಾರು? ವಂತಿಗೆಯನ್ನು ಹಣದ ರೂಪದಲ್ಲಿಯೇ ಕೊಡಬೇಕೆಂಬ ನಿಯಮ ಕೂಡ ಬಡವರನ್ನು ಸದ್ದಿಲ್ಲದೆ ಹೊರಗಿಡುತ್ತದೆ. ಶ್ರಮದಾನಕ್ಕೂ ಅಷ್ಟೇ ಬೆಲೆಯೆಂದು ಬೈಲಾದಲ್ಲಿ ಬರೆಯಬೇಕು.

ಒಡಿಶಾದಲ್ಲಿ 1979ರಿಂದ ಕೆಲಸ ಮಾಡುತ್ತಿರುವ ಗ್ರಾಮ ವಿಕಾಸ್ ಸಂಸ್ಥೆ ಈ ವಿಷಯದಲ್ಲಿ ಬಿಗಿಯಾದ ಷರತ್ತನ್ನು ಇಟ್ಟುಕೊಂಡು ಬಂದಿದೆ. ಊರಿನ ಪ್ರತಿಯೊಂದು ಕುಟುಂಬವೂ, ಜಾತಿ ಮತ್ತು ಸ್ಥಿತಿಗತಿಯ ಭೇದವಿಲ್ಲದೆ, ಒಪ್ಪಿ ಸೇರಿದ ನಂತರವೇ ನೀರು ಮತ್ತು ನೈರ್ಮಲ್ಯದ ಕಾಮಗಾರಿ ಆರಂಭವಾಗುತ್ತದೆ. ಕೆಲಸ ಮುಗಿದ ಮೇಲೆ ಎಲ್ಲ ಮನೆಗಳಿಗೂ ಶೌಚಾಲಯ, ಸ್ನಾನಗೃಹ ಮತ್ತು ನಲ್ಲಿ ಇರುತ್ತವೆ, ಒಂದು ಮನೆಗೂ ಕಡಿಮೆಯಿಲ್ಲ, ಒಂದು ಮನೆಗೂ ಹೆಚ್ಚಿಲ್ಲ. ಎಲ್ಲ ಕುಟುಂಬಗಳೂ ಸೇರಿ ಮೂಲ ನಿಧಿಯೊಂದನ್ನು ಕೂಡಿಡುತ್ತವೆ. ಉಳ್ಳವರು ಹೆಚ್ಚು, ಇಲ್ಲದವರು ಕಡಿಮೆ ಕೊಡಬಹುದು. ಊರಿಗೆ ಮುಂದೆ ಸೇರುವ ಹೊಸ ಕುಟುಂಬಗಳಿಗೂ ಅದೇ ಸೌಲಭ್ಯ ಸಿಗುವಂತೆ ಆ ನಿಧಿಯ ಬಡ್ಡಿ ಬಳಕೆಯಾಗುತ್ತದೆ. ಒಪ್ಪಿಸಲು ಎಷ್ಟೋ ಊರುಗಳಲ್ಲಿ ತಿಂಗಳುಗಳೇ ಹಿಡಿಯುತ್ತವೆ. ಆದರೆ ಊರಿನ ಒಂದು ಕೇರಿಯನ್ನು ಬಿಟ್ಟು ನೈರ್ಮಲ್ಯ ಸಾಧಿಸಲಾಗದು, ಬಿಟ್ಟ ಕೇರಿಯ ರೋಗ ಅಲ್ಲಿಯೇ ನಿಲ್ಲುವುದಿಲ್ಲ ಎಂಬ ಸರಳ ಸತ್ಯ ಆ ಷರತ್ತಿನ ಹಿಂದಿದೆ.

ಒಕ್ಕೂಟಕ್ಕೆ ಇಲ್ಲಿ ದೊಡ್ಡ ಹೊಣೆಯಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಊರಿನ ಆಂತರಿಕ ವಿಷಯವೆಂದು ಕೈ ತೊಳೆದುಕೊಂಡು, ಸುಲಭವಾಗಿ ಸಿಗುವ ನಾಲ್ಕು ಜನರ ಸಹಿಗಳ ಮೇಲೆ ಹಣ ಬಿಡುಗಡೆ ಮಾಡುವುದೆಂದರೆ ಇರುವ ಅಸಮಾನತೆಗೆ ಹೊರಗಿನಿಂದ ಬಲ ತುಂಬಿದಂತೆ. ಹಾಗೆಂದು ಕಾಗದದ ಮೇಲೆ ಮಹಿಳೆಯರ ಸಂಖ್ಯೆಯನ್ನು ತೋರಿಸಿದರೂ ಸಾಲದು. ಚೆಕ್ಕಿಗೆ ಸಹಿ ಹಾಕುವ ಇಬ್ಬರಲ್ಲಿ ಒಬ್ಬರು ಮಹಿಳೆಯಾಗಿರಬೇಕು, ಮೊದಲ ಕಾಮಗಾರಿ ಎಲ್ಲಿ ಆಗಬೇಕೆಂಬುದನ್ನು ನೀರು ಹೊರುವವರು ಹೇಳಬೇಕು, ಕೇರಿಗೊಂದು ಪ್ರತ್ಯೇಕ ಸಭೆ ನಡೆಸಿ ಅಲ್ಲಿನ ಮಾತನ್ನು ನಡಾವಳಿಗೆ ಸೇರಿಸಬೇಕು. ಶಿಕ್ಷಕಿಯಾದ ನಿಮಗೆ ಎಲ್ಲ ಮನೆಗಳ ಬಾಗಿಲೂ ತೆರೆದಿರುತ್ತದೆ. ಈ ಸಭೆಗಳನ್ನು ಆರಂಭಿಸಲು ಊರಿನಲ್ಲಿ ನಿಮಗಿಂತ ಸೂಕ್ತರಾದವರು ಇರಲಾರರು.

ಪ್ರಶ್ನೆ: ದೊಡ್ಡ ಮೊತ್ತ ಕೊಡಲು ಮುಂದೆ ಬಂದಿರುವ ಒಬ್ಬರು, ಸಂಘದ ಸಭೆಗಳಲ್ಲಿ ತಮ್ಮ ಪ್ರಚಾರಕ್ಕೂ ಅವಕಾಶ ಕೊಡಬೇಕೆನ್ನುತ್ತಾರೆ. ಒಪ್ಪಬಹುದೇ?

ಉತ್ತರ: ಬೇಡ. ಸಂಘದ ಸಭೆ ಸದಸ್ಯರದು. ಕೃತಜ್ಞತೆಯ ಪತ್ರ, ವಾರ್ಷಿಕ ವರದಿಯಲ್ಲಿ ಹೆಸರು, ಲೆಕ್ಕದ ಪ್ರತಿ ಇಷ್ಟಕ್ಕೆ ದಾನಿ ಹಕ್ಕುದಾರರು. ನಿರಾಕರಣೆಯನ್ನು ನೀವೇ ಹೇಳಲು ಕಷ್ಟವಾದರೆ, ಒಕ್ಕೂಟವು ತನ್ನ ಎಲ್ಲ ಸಂಘಗಳಿಗೂ ಅನ್ವಯವಾಗುವ ಲಿಖಿತ ನೀತಿಯನ್ನು ರೂಪಿಸಲಿ. ಆಗ ಉತ್ತರಿಸುವ ಹೊಣೆ ಒಂದು ಊರಿನ ಮೇಲೆ ಬೀಳುವುದಿಲ್ಲ.

ಪ್ರಶ್ನೆ: ನಮಗೆ ನೆರವಾಗುತ್ತಿರುವ ಒಕ್ಕೂಟ ಇನ್ನೆರಡು ವರ್ಷಗಳಲ್ಲಿ ನಮ್ಮ ಭಾಗದಿಂದ ಹೊರಡುವುದಾಗಿ ತಿಳಿಸಿದೆ. ಸಂಘದವರಿಗೆ ದಿಕ್ಕು ತೋಚದಂತಾಗಿದೆ. ಹೇಗೆ ಸಿದ್ಧರಾಗಬೇಕು? (ಮಹಿಳಾ ಸಂಘದ ಅಧ್ಯಕ್ಷೆ)

ಉತ್ತರ: ಎರಡು ವರ್ಷ ಮೊದಲೇ ತಿಳಿಸಿರುವುದು ಒಳ್ಳೆಯ ಲಕ್ಷಣ, ಆ ಸಮಯವನ್ನು ವ್ಯರ್ಥ ಮಾಡಿಕೊಳ್ಳಬೇಡಿ. ಪಾಕಿಸ್ತಾನದ ಉತ್ತರದ ಗುಡ್ಡಗಾಡಿನ ಗಿಲ್ಗಿಟ್‌ನಲ್ಲಿ 1982ರ ಕೊನೆಗೆ ಶೋಯೆಬ್ ಸುಲ್ತಾನ್ ಖಾನ್ ಅವರ ನೇತೃತ್ವದಲ್ಲಿ ಆರಂಭವಾದ ಆಗಾ ಖಾನ್ ಗ್ರಾಮೀಣ ಬೆಂಬಲ ಕಾರ್ಯಕ್ರಮದಲ್ಲಿ, ಹೊರಡುವ ದಿನದ ಸಿದ್ಧತೆಯನ್ನು ಮೊದಲ ಮಾತುಕತೆಯಿಂದಲೇ ಮಾಡಲಾಗುತ್ತಿತ್ತು ಎನ್ನಬಹುದು. ಪ್ರತಿ ಹಳ್ಳಿಯೊಂದಿಗೂ ಹಂತಹಂತವಾಗಿ ಸಂವಾದ ನಡೆಸಿ, ಊರಿನವರು ಸಂಘ ಕಟ್ಟಿಕೊಂಡು, ನಿಯಮಿತವಾಗಿ ಸಭೆ ಸೇರಿ, ತಮ್ಮದೇ ಉಳಿತಾಯ ಮಾಡಲು ಒಪ್ಪಿದ ಮೇಲೆ, ಅವರೇ ಆರಿಸಿಕೊಂಡ ಒಂದು ಕಾಮಗಾರಿಗೆ, ಅದು ನೀರಿನ ಕಾಲುವೆಯಾಗಿರಬಹುದು ಅಥವಾ ರಸ್ತೆಯಾಗಿರಬಹುದು, ಅನುದಾನ ಸಿಗುತ್ತಿತ್ತು. ಅದರ ನಿರ್ವಹಣೆ ಮುಂದೆ ಊರಿನದೇ. ಆ ಒಂದು ಕಾಮಗಾರಿಯನ್ನು ಮಾಡುತ್ತ ಊರಿನವರು ಅಂದಾಜುಪಟ್ಟಿ, ಹಾಜರಿ, ಲೆಕ್ಕ ಎಲ್ಲವನ್ನೂ ಕಲಿಯುತ್ತಿದ್ದರು. ಹೊರಗಿನವರು ಹೋದ ಮೇಲೂ ಕಲಿತದ್ದು ಉಳಿಯುತ್ತಿತ್ತು.

ನಿಮ್ಮ ಒಕ್ಕೂಟದವರು ಈಗ ಮಾಡಿಕೊಡುತ್ತಿರುವ ಕೆಲಸಗಳನ್ನೆಲ್ಲ ಒಂದು ಪಟ್ಟಿ ಮಾಡಿರಿ. ಬ್ಯಾಂಕಿಗೆ ಹೋಗುವುದು, ವಾರ್ಷಿಕ ಲೆಕ್ಕ ಸಿದ್ಧಪಡಿಸುವುದು, ಸರ್ಕಾರಿ ಕಚೇರಿಗಳಿಗೆ ಪತ್ರ ಬರೆಯುವುದು, ಸದಸ್ಯರ ನಡುವಿನ ಮನಸ್ತಾಪ ಬಿಡಿಸುವುದು ಹೀಗೆ ಒಂದೊಂದರ ಮುಂದೆಯೂ ಅದನ್ನು ಕಲಿಯಲಿರುವ ಇಬ್ಬರು ಸದಸ್ಯರ ಹೆಸರು ಬರೆಯಿರಿ. ಒಬ್ಬರಿಗೇ ಕಲಿಸಿದರೆ ಅವರು ಊರು ಬಿಟ್ಟಾಗ ಕಲಿತದ್ದೂ ಹೋಗುತ್ತದೆ. ಮೊದಲ ವರ್ಷ ಒಕ್ಕೂಟದವರು ಪಕ್ಕದಲ್ಲಿ ಕುಳಿತು ಮಾಡಿಸಲಿ, ಎರಡನೆಯ ವರ್ಷ ನೀವು ಮಾಡಿದ್ದನ್ನು ನೋಡಿ ತಿದ್ದಲಿ. ಅಕ್ಕಪಕ್ಕದ ಹಳ್ಳಿಗಳ ಸಂಘಗಳೂ ಇದೇ ಸ್ಥಿತಿಯಲ್ಲಿರುತ್ತವೆಯಾದ್ದರಿಂದ, ಐದಾರು ಸಂಘಗಳು ಸೇರಿ ಒಬ್ಬ ಲೆಕ್ಕಿಗರನ್ನು ತಮ್ಮದೇ ವಂತಿಗೆಯಿಂದ ಇಟ್ಟುಕೊಳ್ಳುವ ಬಗ್ಗೆ ಮಾತಾಡಿರಿ. ಒಕ್ಕೂಟದ ಹೆಸರಿನಲ್ಲಿರುವ ನಿಮ್ಮ ಆಸ್ತಿ, ಠೇವಣಿ, ಯಂತ್ರೋಪಕರಣಗಳನ್ನು ಸಂಘದ ಹೆಸರಿಗೆ ವರ್ಗಾಯಿಸುವ ಕೆಲಸವನ್ನು ಕೊನೆಯ ತಿಂಗಳಿಗೆ ಇಟ್ಟುಕೊಳ್ಳದೆ ಈ ವರ್ಷವೇ ಮುಗಿಸಿರಿ. ಹೊರಟ ಮೇಲೆಯೂ ಒಂದು ವರ್ಷದ ಮಟ್ಟಿಗೆ, ಕರೆದಾಗ ಬಂದು ಸಲಹೆ ಕೊಡುವ ಒಬ್ಬರನ್ನು ಗೊತ್ತುಮಾಡುವಂತೆ ಈಗಲೇ ಬರಹದಲ್ಲಿ ಕೇಳಿರಿ.